ಊರಾಚೆಯ ಬಡಾವಣೆಯೋ, ಊರೊಳಗಿನ ಸೂರೋ: ವಸತಿರಹಿತರಿಗೆ ಯಾವುದು ಒಗ್ಗುತ್ತದೆ?

ನಗರದ ಬೀದಿಗಳಲ್ಲಿ ಮಲಗುವವರಿಗಾಗಿ ಮೂವತ್ತು ಕಿಲೋಮೀಟರ್ ಆಚೆ ಒಂದು ಬಡಾವಣೆ ಕಟ್ಟುವ ಪ್ರಸ್ತಾಪ ಬಂದಾಗಲೆಲ್ಲ ಸಭೆಯಲ್ಲಿ ಮೂರು ದನಿಗಳು ಏಳುತ್ತವೆ. ಜಾಗ ಗುರುತಿಸಿದ ಹಳ್ಳಿಯವರು, ನಿಮ್ಮ ಊರಿನ ಹೊರೆಯನ್ನು ತಂದು ನಮ್ಮ ಗೋಮಾಳದಲ್ಲಿ ಇಳಿಸಬೇಡಿ ಎನ್ನುತ್ತಾರೆ. ನಗರದ ನಿವಾಸಿಗಳ ಸಂಘದವರು, ಒಳ್ಳೆಯ ಯೋಜನೆ, ಬೇಗ ಆಗಲಿ ಎನ್ನುತ್ತಾರೆ. ಸ್ವಯಂಸೇವಕರು, ಎಲ್ಲಾದರೂ ಒಂದು ಸೂರು ಸಿಗಲಿ, ಮಳೆಯಲ್ಲಿ ನೆನೆಯುವುದಾದರೂ ತಪ್ಪುತ್ತದೆ ಎನ್ನುತ್ತಾರೆ. ಆ ಮನೆಗಳಿಗೆ ಹೋಗಬೇಕಾದವರನ್ನು ಸಾಮಾನ್ಯವಾಗಿ ಸಭೆಗೆ ಕರೆದಿರುವುದಿಲ್ಲ.

ನಾನು ಬಹುಕಾಲ ಸ್ವಯಂಸೇವಕರ ಸಾಲಿನಲ್ಲೇ ಕುಳಿತವಳು. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಬಳಿ ಅಂಗಡಿಯೊಂದರ ಜಗಲಿಯ ಮೇಲೆ ಮಲಗುವ ಹೆಂಗಸೊಬ್ಬರಿಗೆ ಇಂಥದ್ದೇ ಒಂದು ಬಡಾವಣೆಯ ಬಗ್ಗೆ ಹುರುಪಿನಿಂದ ಹೇಳಿದೆ. ಹೂವಿನ ಮೂಟೆಗಳು ಬಂದು ಬೀಳುವ ಹೊತ್ತಿಗೆ ಎದ್ದು ಮಾಲೆ ಕಟ್ಟಿ ಬದುಕುವವರು ಅವರು. ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲಿಂದ ಬೆಳಗಿನ ಜಾವ ನಾಲ್ಕಕ್ಕೆ ಬಸ್ಸು ಇದೆಯೇನಮ್ಮಾ?" ಎಂದರು. ಉತ್ತರ ನನ್ನಲ್ಲಿರಲಿಲ್ಲ. ಅಂದಿನಿಂದ ಯಾವ ಯೋಜನೆಯ ನಕ್ಷೆ ಕಂಡರೂ ಅದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ನಿಮ್ಮ ಸಂಘಕ್ಕೋ ಪಂಚಾಯಿತಿಗೋ ಇಂಥ ಪ್ರಸ್ತಾಪವೊಂದು ಬಂದು, ಬೆಂಬಲಿಸಬೇಕೋ ವಿರೋಧಿಸಬೇಕೋ ಎಂದು ತೀರ್ಮಾನಿಸಬೇಕಾಗಿದ್ದರೆ, ನಿಮ್ಮ ಮುಂದಿರುವ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಈ ಬರಹ ನೆರವಾಗಲಿ ಎಂಬುದು ನನ್ನ ಆಸೆ.

ಮೊದಲು ಯಾರಿಗೆ ಎಂದು ಕೇಳಿ

2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.73 ಲಕ್ಷ ಜನ ಮನೆಯಿಲ್ಲದವರೆಂದು ದಾಖಲಾದರು. ಅವರಲ್ಲಿ 9.38 ಲಕ್ಷ ಜನ ಪಟ್ಟಣ, ನಗರಗಳಲ್ಲಿದ್ದರು. ಕರ್ನಾಟಕದ ಲೆಕ್ಕ ಎಪ್ಪತ್ತಾರು ಸಾವಿರ ದಾಟಿತ್ತು. ಒಂದೇ ರಾತ್ರಿಯಲ್ಲಿ ಬೀದಿ ಬೀದಿ ಸುತ್ತಿ ಎಣಿಸುವ ಗಣತಿ ಅದು. ಮೇಲ್ಸೇತುವೆಯ ಕಂಬದ ಹಿಂದೆ ಮಲಗಿದವರು, ಲಾರಿಯ ಮೇಲೆ ಮಲಗಿದವರು ಅದರಲ್ಲಿ ಸುಲಭವಾಗಿ ತಪ್ಪಿಹೋಗುತ್ತಾರೆ.

ಈ ಒಂದು ಸಂಖ್ಯೆಯೊಳಗೆ ಒಬ್ಬರಿಗೊಬ್ಬರು ಹೋಲದ ಜನರಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಬಾಡಿಗೆ ಉಳಿಸಿ ಊರಿಗೆ ಹಣ ಕಳಿಸುವವರು ಒಂದು ಕಡೆ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿಗಳು, ಗುಜರಿ ಆಯುವವರು, ಮದುವೆ ಛತ್ರಗಳಲ್ಲಿ ಪಾತ್ರೆ ತೊಳೆಯುವವರು ಇನ್ನೊಂದು ಕಡೆ. ಮಕ್ಕಳು ಹೊರಹಾಕಿದ ಮುದುಕರು, ಮಾನಸಿಕ ಕಾಯಿಲೆಯಿಂದ ಊರು ಹೆಸರು ಮರೆತು ಅಲೆಯುವವರು, ಮನೆಯವರು ಒಪ್ಪದ ಲಿಂಗತ್ವ ಅಲ್ಪಸಂಖ್ಯಾತರು, ಗಂಡನ ಹೊಡೆತ ತಾಳಲಾರದೆ ಮಗುವನ್ನೆತ್ತಿಕೊಂಡು ಬಂದವರು ಮತ್ತೊಂದು ಕಡೆ. ಇವರೆಲ್ಲರಿಗೂ ಒಂದೇ ನಕ್ಷೆಯ ಮನೆ ಕಟ್ಟುತ್ತೇವೆ ಎನ್ನುವ ಯೋಜನೆಯನ್ನು ನಾನು ಆರಂಭದಲ್ಲೇ ಅನುಮಾನಿಸುತ್ತೇನೆ.

ದುಡಿಯುವವರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟ್ ನಲವತ್ತು ವರ್ಷಗಳ ಹಿಂದೆಯೇ ಒಂದು ಮಾತನ್ನು ಒಪ್ಪಿಕೊಂಡಿದೆ. 1981ರ ಮಳೆಗಾಲದಲ್ಲಿ ಬೊಂಬಾಯಿಯ ಪಾದಚಾರಿ ಮಾರ್ಗಗಳಲ್ಲಿದ್ದವರನ್ನು ತೆರವುಗೊಳಿಸಿ ಅವರವರ ಊರಿಗೆ ಕಳಿಸಲು ಅಲ್ಲಿನ ಸರ್ಕಾರ ಹೊರಟಿತು. ಅದನ್ನು ಪ್ರಶ್ನಿಸಿದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ 1985ರ ಜುಲೈನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಈ ಜನ ಕೆಲಸದ ಜಾಗಕ್ಕೆ ಹತ್ತಿರವಾಗಲೆಂದೇ ರಸ್ತೆಬದಿಯನ್ನು ಆರಿಸಿಕೊಳ್ಳುತ್ತಾರೆ, ಆ ಜಾಗ ತಪ್ಪಿದರೆ ಕೆಲಸವೂ ತಪ್ಪುತ್ತದೆ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಪೀಠ ಹೇಳಿತು. ಆದರೂ ತೆರವನ್ನು ತಡೆಯಲಿಲ್ಲ, ಮಳೆಗಾಲ ಮುಗಿಯುವವರೆಗೆ ಮುಂದೂಡಿತು ಅಷ್ಟೇ. ಆ ತೀರ್ಪಿನಲ್ಲಿ ತೆರವಿಗೆ ಒಪ್ಪಿದ ಅರ್ಧ ಭಾಗವನ್ನು ಮಾತ್ರ ಬಳಸಿಕೊಂಡು ನಾವು ಇಷ್ಟು ವರ್ಷ ನಡೆದಿದ್ದೇವೆ.

ಊರಾಚೆಯ ದೊಡ್ಡ ಬಡಾವಣೆ: ಚೆನ್ನೈ ಕಲಿಸಿದ್ದು

ಈ ಮಾದರಿಯ ಪರವಾದ ವಾದವನ್ನು ತಳ್ಳಿಹಾಕಲಾಗದು. ಊರೊಳಗೆ ಒಂದು ಎಕರೆಗೆ ಕೊಡುವ ಹಣದಲ್ಲಿ ಊರಾಚೆ ಹಲವು ಎಕರೆ ಬರುತ್ತದೆ. ಸರ್ಕಾರಿ ಜಮೀನು ಸಿಕ್ಕರೆ ಇನ್ನೂ ಸಲೀಸು. ಗೋಡೆ, ಬಾಗಿಲು, ಶೌಚಾಲಯವಿರುವ ಪಕ್ಕಾ ಮನೆ. ಕೈಗೆ ಒಂದು ಹಕ್ಕುಪತ್ರ. ಬೀದಿಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಮೊದಲ ಬಾರಿಗೆ ಒಂದು ವಿಳಾಸ.

ಇದು ಹೇಗೆ ನಡೆಯುತ್ತದೆಂದು ತಿಳಿಯಲು ಚೆನ್ನೈ ನೋಡಬೇಕು. ಅಲ್ಲಿ 2000ದ ಸುಮಾರಿಗೆ ಕಣ್ಣಗಿ ನಗರ, ಸುನಾಮಿಯ ನಂತರ ಸೆಮ್ಮಂಚೇರಿ, ಆಮೇಲೆ ಎಂಟು ಮಹಡಿಗಳ ಪೆರುಂಬಾಕ್ಕಂ ಹೀಗೆ ನಗರದ ದಕ್ಷಿಣದ ಅಂಚಿನಲ್ಲಿ ಒಂದರ ಹಿಂದೆ ಒಂದು ಬಡಾವಣೆ ಎದ್ದವು. ಕಣ್ಣಗಿ ನಗರವೊಂದರಲ್ಲೇ ಹದಿನೈದು ಸಾವಿರಕ್ಕೂ ಹೆಚ್ಚು ಮನೆಗಳಿವೆ. 2015ರ ಪ್ರವಾಹದ ನಂತರ ಅಡ್ಯಾರ್, ಕೂವಂ ನದಿಗಳ ದಂಡೆಯ ಸಾವಿರಾರು ಕುಟುಂಬಗಳನ್ನು ಪೆರುಂಬಾಕ್ಕಂಗೆ ಸಾಗಿಸಲಾಯಿತು. ಇವರಲ್ಲಿ ಹೆಚ್ಚಿನವರು ಕೊಳಗೇರಿಯವರು, ತೀರಾ ಬೀದಿಯಲ್ಲಿದ್ದವರಲ್ಲ. ಆದರೂ ಪಾಠ ನಮಗೆ ಅನ್ವಯಿಸುತ್ತದೆ. ಊರೊಳಗೆ ಮೂರು ನಾಲ್ಕು ಮನೆಗಳ ಕೆಲಸ ಮಾಡುತ್ತಿದ್ದ ಹೆಂಗಸರು ದೂರದಿಂದಾಗಿ ಆ ಮನೆಗಳನ್ನು ಬಿಡಬೇಕಾಯಿತು. ಶಾಲೆಯ ವರ್ಷದ ನಡುವೆ ಸ್ಥಳಾಂತರವಾದ ಮಕ್ಕಳು ಓದು ಬಿಟ್ಟರು. ವಿಳಾಸವೇ ಕಳಂಕವಾಯಿತು: ಕಣ್ಣಗಿ ನಗರ ಎಂದರೆ ಕೆಲಸ ಸಿಗುವುದಿಲ್ಲವೆಂದು ಅಲ್ಲಿನ ಯುವಕರು ಬೇರೆ ಬಡಾವಣೆಯ ಹೆಸರು ಹೇಳತೊಡಗಿದರು. ಬಡವರನ್ನಷ್ಟೇ ಒಂದೆಡೆ ಸಾವಿರಗಟ್ಟಲೆ ಸೇರಿಸಿದಾಗ ಹುಟ್ಟುವ ತೊಂದರೆ ಇದು. ಹಕ್ಕುಪತ್ರದಲ್ಲಿ ಇದಕ್ಕೆ ಮದ್ದಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಕಣ್ಣಗಿ ನಗರದ ಪಕ್ಕದಲ್ಲೇ ಹಾದುಹೋಗುವ ಹಳೆಯ ಮಹಾಬಲಿಪುರಂ ರಸ್ತೆಯಲ್ಲಿ ಐಟಿ ಕಚೇರಿಗಳು ಬೆಳೆದವು. ಸ್ವಚ್ಛತೆ, ಕಾವಲು, ಅಡುಗೆಯಂಥ ಕೆಲಸಗಳು ಬಡಾವಣೆಯ ಹತ್ತಿರಕ್ಕೇ ಬಂದವು. ಅಂದರೆ ದೂರವೆಂಬುದು ಕಿಲೋಮೀಟರಿನ ಲೆಕ್ಕವಲ್ಲ. ಜಾಗದ ಸುತ್ತ ಐದು ಕಿಲೋಮೀಟರಿನಲ್ಲಿ ದಿನಗೂಲಿ ಕೊಡುವ ಕೆಲಸ ಇಂದು ಎಷ್ಟಿದೆ? ಹತ್ತು ವರ್ಷದ ನಂತರ ಬರಲಿದೆ ಎಂಬ ಭರವಸೆಯನ್ನು ಮಧ್ಯಾಹ್ನದ ಊಟಕ್ಕೆ ಬಡಿಸಲಾಗುವುದಿಲ್ಲ.

ಬೆಂಗಳೂರಿಗೂ ತನ್ನದೇ ನೆನಪಿದೆ. 2013ರ ಜನವರಿಯ ಚಳಿಯಲ್ಲಿ ಈಜೀಪುರದ ಆರ್ಥಿಕವಾಗಿ ಹಿಂದುಳಿದವರ ವಸತಿ ಪ್ರದೇಶವನ್ನು ಕೆಡವಿದಾಗ ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅವರಿಗೆ ತೋರಿಸಿದ ಬದಲಿ ಜಾಗ ಸರ್ಜಾಪುರ ರಸ್ತೆಯ ಆಚೆಯ ಸೂಲಿಕುಂಟೆ. ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಎಷ್ಟೋ ಹೆಂಗಸರು ಅಲ್ಲಿಗೆ ಹೋಗುವ ಬದಲು ಕೆಡವಿದ ಜಾಗದ ಬೇಲಿಯ ಪಕ್ಕದಲ್ಲೇ ಟಾರ್ಪಾಲು ಕಟ್ಟಿಕೊಂಡರು.

ಉಚಿತ ಬಸ್ಸು ದೂರವನ್ನು ಅಳಿಸಿದೆ ಎಂದು ಈಗ ಕೆಲವರು ವಾದಿಸುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಂಗಸರಿಗೆ ನಿಜವಾಗಿಯೂ ದೊಡ್ಡ ಆಸರೆಯಾಗಿದೆ. ಆದರೆ ಅದಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು, ಬೀದಿಯಲ್ಲಿರುವವರಲ್ಲಿ ಅನೇಕರ ಬಳಿ ಇಲ್ಲದಿರುವುದು ಅದೇ. ಗಂಡಸರು ಎಂದಿನಂತೆ ಟಿಕೆಟ್ ಕೊಳ್ಳಬೇಕು. ನಾಲ್ಕು ಗಂಟೆಗೆ ಬಸ್ಸೇ ಹೊರಡದಿದ್ದರೆ ಉಚಿತವಾದರೇನು?

ಊರಾಚೆಯ ಹಳ್ಳಿ, ಬೇರೆ ಬಗೆಯದು: ಆಸ್ಟಿನ್

ಇದೇ ಚರ್ಚೆ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲೂ ನಡೆಯಿತು. 1998ರಿಂದ ಬೀದಿಯಲ್ಲಿದ್ದವರಿಗೆ ಊಟ ಹಂಚುತ್ತಿದ್ದ ಮೊಬೈಲ್ ಲೋವ್ಸ್ ಆ್ಯಂಡ್ ಫಿಶಸ್ ಎಂಬ ಸಂಸ್ಥೆ ಅವರಿಗಾಗಿ ಒಂದು ನೆಲೆ ಕಟ್ಟಲು ನಗರದೊಳಗೆ ಜಾಗ ಹುಡುಕಿತು. ನೆರೆಹೊರೆಯವರು ಸಭೆಗಳಲ್ಲಿ ಸಿಟ್ಟಿನಿಂದ ವಿರೋಧಿಸಿದರು. ಕೊನೆಗೆ ಅದರ ಸ್ಥಾಪಕ ಆಲನ್ ಗ್ರಹಾಂ ಮತ್ತು ಜೊತೆಗಾರರು ನಗರದ ಎಲ್ಲೆಯನ್ನು ದಾಟಿ, ನಗರದ ಭೂಬಳಕೆ ನಿಯಮಗಳು ತಟ್ಟದ ಕಡೆ 27 ಎಕರೆ ಹಿಡಿದರು. 2015ರ ಕೊನೆಯ ಹೊತ್ತಿಗೆ ಜನ ಅಲ್ಲಿ ನೆಲೆಸತೊಡಗಿದರು. ಆ ‘ಕಮ್ಯುನಿಟಿ ಫಸ್ಟ್ ವಿಲೇಜ್’ ಮೊದಲ ಎರಡು ಹಂತಗಳಲ್ಲೇ ಸುಮಾರು ಐವತ್ತು ಎಕರೆಗೆ ಹರಡಿತು, ಬಹುಕಾಲ ಬೀದಿಯಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಮಂದಿಯ ಮನೆಯಾಗಿದೆ.

ಕೋಣೆಯಷ್ಟೇ ದೊಡ್ಡದಾದ ಪುಟ್ಟ ಮನೆಗಳು, ಗಾಲಿಯ ಮೇಲಿನ ಮನೆಗಳು. ಪುಟ್ಟ ಮನೆಗಳಿಗೆ ನೀರಿನ ಸಂಪರ್ಕವಿಲ್ಲ. ಅಡುಗೆಮನೆ, ಸ್ನಾನದ ಮನೆ ಹಂಚಿಕೆಯವು. ಪ್ರತಿಯೊಬ್ಬರೂ ಬಾಡಿಗೆ ಕೊಡಬೇಕು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ತೋಟ, ಕಮ್ಮಾರಸಾಲೆ, ಕರಕುಶಲ ಅಂಗಡಿ, ಕಾರು ತೊಳೆಯುವ ಘಟಕ ಹೀಗೆ ಸಂಬಳ ಕೊಡುವ ಕೆಲಸವನ್ನು ಬೇಲಿಯೊಳಗೇ ಹುಟ್ಟಿಸಿದರು. ನಗರದ ಬಸ್ಸು ಅಲ್ಲಿಗೆ ಬರುವಂತೆ ಮಾಡಿದರು. ಎಂದೂ ಮನೆ ಕಳೆದುಕೊಳ್ಳದ ಕೆಲವು ಕುಟುಂಬಗಳು ತಾವಾಗಿ ಅಲ್ಲಿಗೆ ಬಂದು ನೆರೆಯವರಾಗಿ ವಾಸಿಸುತ್ತಿವೆ. ದೂರದ ನಷ್ಟವನ್ನು ತುಂಬಲು ಇಷ್ಟೆಲ್ಲ ಬೇಕಾಯಿತು, ಅದೂ ದಾನಿಗಳ ಅಪಾರ ಹಣದ ಬಲದಿಂದ.

ನಮ್ಮಲ್ಲಿ ಇದನ್ನು ನಕಲು ಮಾಡಲು ಹೊರಡುವವರಿಗೆ ಒಂದು ಎಚ್ಚರಿಕೆ. ಆ ಹಳ್ಳಿಗೆ ಬರುವವರು ಬಹುತೇಕ ದುಡಿಯುವ ಶಕ್ತಿ ಕುಂದಿದವರು, ದೀರ್ಘಕಾಲದ ಕಾಯಿಲೆಯವರು, ಒಂಟಿಗಳು. ನಮ್ಮ ಬೀದಿಯಲ್ಲಿರುವವರಲ್ಲಿ ಬಹುಮಂದಿ ನಾಳೆ ಬೆಳಿಗ್ಗೆ ಕೂಲಿಗೆ ನಿಲ್ಲುವವರು. ಮೇಸ್ತ್ರಿ ಬಂದು ಕರೆಯುವ ವೃತ್ತದಲ್ಲಿ ಏಳು ಗಂಟೆಗೆ ನಿಂತಿರದಿದ್ದರೆ ಅವರಿಗೆ ಆ ದಿನ ಅನ್ನವಿಲ್ಲ. ಆದರೆ ನಗರದ ಗದ್ದಲದಲ್ಲಿ ನುಗ್ಗಾಗಿರುವ ಮುದುಕರಿಗೆ, ಶಾಂತವಾದ ಜಾಗ ಬೇಕೆಂದು ತಾವೇ ಕೇಳುವವರಿಗೆ ಇಂಥ ಸಣ್ಣ ಹಳ್ಳಿ ಒಗ್ಗಬಹುದು. ಆಸ್ಪತ್ರೆ ಹತ್ತಿರವಿರಬೇಕು, ಹೊರಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಬಾರದು.

ಅಪ್ಪಣೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಬಂದದ್ದು 1975ರಲ್ಲಿ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 3ರಷ್ಟು ಉಪಕರ ಇದಕ್ಕಾಗಿಯೇ ಸಂಗ್ರಹವಾಗುತ್ತದೆ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವೂ ಒಂದು ಕಾಲಕ್ಕೆ ಊರಾಚೆಯ ನೆಲೆಯೇ. ಬೀದಿಯಿಂದ ಹಿಡಿದು ತಂದವರನ್ನು ಅಲ್ಲಿ ಇರಿಸಲಾಗುತ್ತಿತ್ತು. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಾಲುಸಾಲಾಗಿ ಸಂಭವಿಸಿದ ಸಾವುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಗೇಟಿನ ಬೀಗ ಹೊರಗಿನವರ ಕೈಯಲ್ಲಿದ್ದು, ಊರಿನ ಕಣ್ಣಿನಿಂದಲೂ ದೂರವಿದ್ದಾಗ ಒಳಗೆ ಏನಾಗುತ್ತಿದೆ ಎಂಬುದು ಹೊರಬರುವುದು ಸಾವಿನ ನಂತರವೇ. ಆದ್ದರಿಂದ ಪ್ರಸ್ತಾಪದಲ್ಲಿ ‘ಸ್ಥಳಾಂತರಿಸಲಾಗುವುದು’ ಎಂಬ ಪದ ಕಂಡರೆ ನಿಲ್ಲಿ. ಅವರ ಒಪ್ಪಿಗೆಯಿಂದಲೋ, ವ್ಯಾನಿನಲ್ಲಿ ತುಂಬಿಯೋ ಎಂದು ಕೇಳಿ.

ಊರೊಳಗಿನ ತಂಗುದಾಣ

2010ರ ಚಳಿಗಾಲದಲ್ಲಿ ದೆಹಲಿಯ ಬೀದಿಗಳಲ್ಲಿ ಜನ ಸತ್ತ ನಂತರ ಸುಪ್ರೀಂ ಕೋರ್ಟ್ ಕಠಿಣ ಆದೇಶಗಳನ್ನು ಕೊಟ್ಟಿತು. ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದು ತಂಗುದಾಣ ಎಂಬ ಅಳತೆ ಬಂದದ್ದು ಆಗ. ಮುಂದೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಅದನ್ನೇ ಯೋಜನೆಯಾಗಿಸಿತು: ವರ್ಷವಿಡೀ, ದಿನದ ಇಪ್ಪತ್ತನಾಲ್ಕು ಗಂಟೆ ತೆರೆದಿರಬೇಕು, ಒಬ್ಬೊಬ್ಬರಿಗೆ ಸುಮಾರು ಐವತ್ತು ಚದರ ಅಡಿ ಜಾಗವಿರಬೇಕು. ಜನ ಎಲ್ಲಿ ಸೇರುತ್ತಾರೋ ಅಲ್ಲಿಗೆ ಹತ್ತಿರವಾಗಿ, ಅಂದರೆ ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳ ಬಳಿ ಇರಬೇಕೆಂಬುದೂ ಅದರ ಆಶಯ. ಈ ಅಳತೆಯನ್ನು ಬೆಂಗಳೂರಿಗೆ ಹಿಡಿದರೆ ನೂರು ತಂಗುದಾಣಗಳಾದರೂ ಬೇಕು. ಇರುವುದು ಅದರ ಒಂದು ಸಣ್ಣ ಪಾಲು.

ತಂಗುದಾಣದ ದೊಡ್ಡ ಗುಣ ಎಂದರೆ ಅದು ಇಂದು ರಾತ್ರಿಗೇ ಒದಗುತ್ತದೆ. ದಾಖಲೆ ಕೇಳಬಾರದು. ಕೆಲಸದ ಜಾಗ ನಡೆದು ಹೋಗುವಷ್ಟು ಹತ್ತಿರ. ಇಂದಿರಾ ಕ್ಯಾಂಟೀನ್ ಪಕ್ಕದಲ್ಲಿದ್ದರಂತೂ ಊಟದ ಚಿಂತೆಯೂ ಅರ್ಧ ಕಳೆಯುತ್ತದೆ. ಕೊರತೆಯೂ ಅಷ್ಟೇ ನಿಚ್ಚಳ. ಗಂಡ ಹೆಂಡತಿ ಮಕ್ಕಳು ಒಟ್ಟಿಗಿರಲು ಹೆಚ್ಚಿನ ಕಡೆ ಆಗುವುದಿಲ್ಲ. ಸಾಮಾನು ಇಡಲು ಭದ್ರವಾದ ಪೆಟ್ಟಿಗೆಯಿಲ್ಲದಿದ್ದರೆ ಗಾರೆಯವನು ತನ್ನ ಕರಣೆ, ತೂಗುಗುಂಡು ಬಿಟ್ಟು ಒಳಗೆ ಬರಲಾರ, ಗುಜರಿಯವನು ತನ್ನ ಗಾಡಿಯನ್ನು ಬಿಟ್ಟು ಬರಲಾರ. ತಂಗುದಾಣ ಖಾಲಿಯಿದೆ, ಅವರಿಗೇ ಬೇಡ ಎಂದು ಅಧಿಕಾರಿಗಳು ಹೇಳಿದಾಗ ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ತಂಗುದಾಣವಿಲ್ಲದೆ ನಗರ ನಡೆಯಬಾರದು. ಆದರೆ ಅದನ್ನು ಮನೆ ಎಂದು ಲೆಕ್ಕ ಬರೆದು ಕೈತೊಳೆಯಬಾರದು.

ವಠಾರದ ಬಾಡಿಗೆ ಮನೆ

ನನ್ನ ಮನಸ್ಸು ಹೆಚ್ಚು ಒಲಿಯುವುದು ಇದಕ್ಕೆ. ಯೋಜನೆಗಳ ಪಟ್ಟಿಯಲ್ಲಿ ಅತಿ ಕಡಿಮೆ ಕಾಣಿಸುವುದೂ ಇದೇ.

ಫಿನ್ಲೆಂಡ್ ದೇಶ 2008ರಿಂದ ಒಂದು ದೊಡ್ಡ ಪಲ್ಲಟ ಮಾಡಿತು. ಮೊದಲು ಕುಡಿತ ಬಿಡು, ಕೆಲಸ ಹಿಡಿ, ಆಮೇಲೆ ಮನೆ ಎನ್ನುವ ಕ್ರಮವನ್ನು ಕೈಬಿಟ್ಟು, ಮೊದಲು ಮನೆಯ ಬೀಗದ ಕೈ ಕೊಟ್ಟು, ಉಳಿದ ನೆರವನ್ನು ಆ ಮನೆಗೇ ತಂದರು. ತಂಗುದಾಣಗಳನ್ನೇ ಮನೆಗಳಾಗಿ ಮಾರ್ಪಡಿಸಿದರು. ಹೆಲ್ಸಿಂಕಿಯಲ್ಲಿ ಸಾಲ್ವೇಷನ್ ಆರ್ಮಿಯ ದೊಡ್ಡ ತಂಗುದಾಣವೊಂದು ಸುಮಾರು 80 ಸ್ವತಂತ್ರ ಮನೆಗಳ ಕಟ್ಟಡವಾಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 1993ರಲ್ಲಿ ಚೆನ್ನೈಯಲ್ಲಿ ಆರಂಭವಾದ ದಿ ಬ್ಯಾನ್ಯನ್ ಸಂಸ್ಥೆ ಬೀದಿಯಲ್ಲಿ ಅಲೆಯುತ್ತಿದ್ದ, ಮಾನಸಿಕ ಕಾಯಿಲೆಯಿದ್ದ ಹೆಂಗಸರಿಗೆ ಆಸರೆ ಕೊಡುತ್ತ ಬಂದಿದೆ. ವರ್ಷಗಟ್ಟಲೆ ಆಶ್ರಯ ಕೇಂದ್ರದಲ್ಲೇ ಉಳಿದುಹೋದವರನ್ನು ನಾಲ್ಕೈದು ಮಂದಿಯ ಗುಂಪುಗಳಾಗಿ ಸಾಮಾನ್ಯ ಬೀದಿಯ ಬಾಡಿಗೆ ಮನೆಗಳಿಗೆ ಕರೆತಂದು, ಜೊತೆಗೆ ಒಬ್ಬ ಸಹಾಯಕಿಯನ್ನು ಇರಿಸುವ ಕೆಲಸವನ್ನು ಅದು ‘ಹೋಮ್ ಅಗೇನ್’ ಎಂಬ ಹೆಸರಿನಲ್ಲಿ ಮಾಡುತ್ತಿದೆ. ಅವರು ಸೊಪ್ಪಿನವಳ ಬಳಿ ಚೌಕಾಸಿ ಮಾಡುತ್ತಾರೆ, ನೆರೆಯವರ ಮನೆಯ ಹಬ್ಬಕ್ಕೆ ಹೋಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಮಾಜದ ನಡುವೆ ಬಾಳುವುದನ್ನು ಹಕ್ಕೆಂದೇ ಹೇಳುತ್ತದೆ. ಮಾನಸಿಕ ಕಾಯಿಲೆಯವರಿಗೆ ಊರಾಚೆಯ ಆವರಣವೇ ಸರಿ ಎಂದು ವಾದಿಸುವವರು ಇದನ್ನು ನೋಡಬೇಕು.

ನಮ್ಮ ಹಳೆಯ ಬೆಂಗಳೂರಿಗೆ, ಮೈಸೂರಿಗೆ ವಠಾರ ಹೊಸದಲ್ಲ. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ಎಂಟು ಹತ್ತು ಸಣ್ಣ ಮನೆಗಳು. ಬಡವರೂ ಅಷ್ಟೇನೂ ಬಡವರಲ್ಲದವರೂ ಒಟ್ಟಿಗಿದ್ದರು. ಇಂದಿಗೂ ಕಾಟನ್‌ಪೇಟೆ, ಶ್ರೀರಾಂಪುರದ ಗಲ್ಲಿಗಳಲ್ಲಿ ಒಂಟಿ ಕೋಣೆಗಳು ಬಾಡಿಗೆಗೆ ಸಿಗುತ್ತವೆ. ದಿನಗೂಲಿಯವನನ್ನು ತಡೆಯುವುದು ತಿಂಗಳ ಬಾಡಿಗೆಗಿಂತ ಹೆಚ್ಚಾಗಿ ಮುಂಗಡ ಹಣ. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವ ಊರು ಇದು. ಜಾತಿ, ಧರ್ಮ, ಊರು ಕೇಳಿ ಬಾಗಿಲು ಹಾಕುವವರೂ ಇದ್ದಾರೆ. ಸರ್ಕಾರವೋ ಒಂದು ಟ್ರಸ್ಟೋ ಮುಂಗಡಕ್ಕೆ ಜಾಮೀನು ನಿಂತು, ಮಾಲೀಕನಿಗೆ ಬಾಡಿಗೆ ತಪ್ಪದಂತೆ ನೋಡಿಕೊಂಡು, ಹತ್ತು ಹದಿನೈದು ಕೋಣೆಗಳಿಗೆ ಒಬ್ಬ ಕಾರ್ಯಕರ್ತರನ್ನು ನೇಮಿಸಿದರೆ, ಕಟ್ಟಡ ಕಟ್ಟುವವರೆಗೆ ಕಾಯದೆ ಕೆಲಸ ಮುಂದಿನ ತಿಂಗಳಿಂದಲೇ ಶುರುವಾಗಬಹುದು. ಅದೇ ಕೆಲಸ, ಅದೇ ಅಂಗನವಾಡಿ, ಅದೇ ಕ್ಯಾಂಟೀನ್.

ಇದರ ದೌರ್ಬಲ್ಯವನ್ನೂ ಮುಚ್ಚಿಡಲಾರೆ. ಒಂದು ತಿಂಗಳು ಅನುದಾನ ತಡವಾದರೆ ಹತ್ತು ಕುಟುಂಬಗಳು ಮತ್ತೆ ಜಗಲಿಗೆ ಬರುತ್ತವೆ. ಆಸ್ತಿಯೆಂಬುದು ಕೈಗೆ ಬರುವುದಿಲ್ಲ. ಉದ್ಘಾಟನೆಗೆ ಕಲ್ಲು ನೆಡಲು ಜಾಗವಿಲ್ಲದ ಕಾರಣ ರಾಜಕಾರಣಿಗಳಿಗೂ ಇದರಲ್ಲಿ ಆಸಕ್ತಿ ಹುಟ್ಟಿಸುವುದು ಕಷ್ಟ.

ಹಳ್ಳಿಯವರ ವಿರೋಧ

ಜಾಗ ಗುರುತಿಸಿದ ಹಳ್ಳಿಯವರನ್ನು ಕಲ್ಲೆದೆಯವರೆಂದು ಬೈಯುವುದು ಅನ್ಯಾಯ. ಅವರ ಗೋಮಾಳಕ್ಕೆ ನಗರದ ಕಸ ಬಂತು, ಕಲ್ಲು ಕ್ವಾರಿ ಬಂತು, ಕೊಳಚೆ ನೀರು ಬಂತು. ಕೊಳವೆಬಾವಿ ಈಗಾಗಲೇ ಸಾವಿರ ಅಡಿಗೆ ಇಳಿದಿರುವ ಕಡೆ ಮುನ್ನೂರು ಮನೆ ಬಂದರೆ ನೀರು ಎಲ್ಲಿಂದ, ಶಾಲೆಗೆ ಇನ್ನೊಬ್ಬ ಮೇಷ್ಟ್ರು ಬರುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಅವರಿಗೆ ಲಿಖಿತವಾಗಿ ಉತ್ತರ ಸಿಗಬೇಕು. ಬರುವವರೆಲ್ಲ ಕಳ್ಳರು ಎನ್ನುವ ಮಾತನ್ನು ಮಾತ್ರ ನಾನು ಸಭೆಯಲ್ಲಿ ಎದ್ದು ನಿಂತು ವಿರೋಧಿಸುತ್ತೇನೆ. ರಸ್ತೆಯಲ್ಲಿ ಮಲಗುವ ಹೆಂಗಸಿನ ದುಡ್ಡು, ಮೊಬೈಲು, ಕಂಬಳಿ ಕದ್ದವರ ಲೆಕ್ಕ ತೆಗೆದರೆ ಯಾರು ಯಾರಿಗೆ ಹೆದರಬೇಕು ಎಂಬುದು ತಿಳಿಯುತ್ತದೆ.

ನಿಮ್ಮ ತೀರ್ಮಾನಕ್ಕೆ

ಬರುವವರು ದುಡಿಯುವ ಕುಟುಂಬಗಳಾಗಿದ್ದರೆ ಊರೊಳಗಿನ ಬಾಡಿಗೆ ಕೋಣೆಗೆ ಒತ್ತಾಯಿಸಿ, ಅದು ಆಗುವವರೆಗೆ ತಂಗುದಾಣದಲ್ಲಿ ಕುಟುಂಬಗಳಿಗೆ ಪ್ರತ್ಯೇಕ ಜಾಗ ಕೇಳಿ. ಋತುವಿಗೆ ಬಂದು ಹೋಗುವ ಒಂಟಿ ಗಂಡಸರಿಗೆ ಮನೆಗಿಂತ ಮಾರುಕಟ್ಟೆಯ ಪಕ್ಕದ ಶುಚಿಯಾದ ಹಾಸಿಗೆ, ಬೀಗವಿರುವ ಪೆಟ್ಟಿಗೆ ಹೆಚ್ಚು ಉಪಯೋಗ. ಮುದುಕರ ವಿಷಯದಲ್ಲಿ ಎರಡೂ ಸಾಧ್ಯ, ಅವರನ್ನೇ ಕೇಳಬೇಕು. ಊರಾಚೆಯ ಬಡಾವಣೆಯೇ ಖಚಿತವೆಂದಾದರೆ ಅದು ನೂರು ಮನೆ ದಾಟದಿರಲಿ, ಒಂದೇ ವರ್ಗದವರ ಕೇರಿಯಾಗದಿರಲಿ, ಬಸ್ಸು, ನ್ಯಾಯಬೆಲೆ ಅಂಗಡಿ, ಅಂಗನವಾಡಿ ಮೊದಲು ಬಂದು ಮನೆಗಳು ಆಮೇಲೆ ತುಂಬಲಿ. ಶಾಲೆಯ ವರ್ಷದ ನಡುವೆ ಯಾರನ್ನೂ ಸಾಗಿಸಬಾರದು. ಒಗ್ಗದಿದ್ದರೆ ಆರು ತಿಂಗಳೊಳಗೆ ಹಿಂದಿರುಗಿ ತಂಗುದಾಣದ ಹಾಸಿಗೆ ಪಡೆಯುವ ಹಕ್ಕು ಒಪ್ಪಂದದಲ್ಲೇ ಇರಬೇಕು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅಲ್ಲಿಗೆ ಹೋಗಬೇಕಾದವರಲ್ಲಿ ಐದಾರು ಜನರನ್ನು ಜೊತೆಗೆ ಕರೆದುಕೊಂಡು ಆ ಜಾಗಕ್ಕೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಬೆಳಗಿನ ಜಾವ ಮೂರೂವರೆಗೆ ಎದ್ದು, ಅವರೊಂದಿಗೆ ಮಾರುಕಟ್ಟೆಗೆ ಹೊರಡಿ. ನಿಮ್ಮ ಕಾರು ಬೇಡ. ತಲುಪಿದ ಹೊತ್ತನ್ನು, ಕೊಟ್ಟ ದುಡ್ಡನ್ನು ಒಂದು ಚೀಟಿಯಲ್ಲಿ ಬರೆದು, ಆ ಚೀಟಿಯನ್ನು ಯೋಜನೆಯ ಕಡತಕ್ಕೆ ಲಗತ್ತಿಸಿ.